ಗಂಗೋತ್ರಿ ಕಲಿಸಿದ ಮಾತು

1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ನಾನು ಎಂ.ಎ. ಓದಲು ಹೋದದ್ದು ಶುಲ್ಕ ಕಡಿಮೆ ಎಂಬ ಒಂದೇ ಕಾರಣಕ್ಕೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರಿರಲಿಲ್ಲ.

ಕುವೆಂಪು ಅವರು ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟ ಆ ಆವರಣದಲ್ಲಿ ಅಧಿಕಾರಿಯ ಮಗನೂ ಕೂಲಿಯವರ ಮಗಳೂ ಒಂದೇ ತರಗತಿಯಲ್ಲಿ ಕೂರುತ್ತಿದ್ದರು. ಗ್ರಂಥಾಲಯದಲ್ಲಿ ಯಾರ ಮಗನೆಂದು ಕೇಳುವವರಿಲ್ಲ. ಕಾರ್ಡು ತೋರಿಸಿದರೆ ಸಾಕು. ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಗೆಳೆಯರೊಡನೆ ವಾದಕ್ಕಿಳಿಯುತ್ತಿದ್ದೆ. ಹಿರಿಯರೆದುರು ತಲೆ ತಗ್ಗಿಸಿಯೇ ಬೆಳೆದ ನನಗೆ, ಒಪ್ಪದ್ದನ್ನು ಮರ್ಯಾದೆಯಿಂದ ಹೇಳುವುದು ಬಂತು.

ಅದು ಪ್ರಯೋಜನಕ್ಕೆ ಬಂದದ್ದು ಪರೀಕ್ಷೆಯಲ್ಲಲ್ಲ. ಡಿಗ್ರಿ ಮುಗಿಸಿದ ತಂಗಿಗೆ ಗಂಡು ನೋಡಲು ಹೊರಟಾಗ, ‘ಅವಳೂ ಓದಲಿ ಅಪ್ಪಾ, ಖರ್ಚು ನಾನು ನೋಡ್ಕೋತೀನಿ’ ಎಂದೆ. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅರ್ಜಿಗೆ ಸಹಿ ಹಾಕಿದರು.