ಮೋತಿಬಾಗಿನ ಇಂಜಿನ್ನು, ನಮ್ಮ ಅಟ್ಟದ ಫ್ಲಾಪಿ

ನಾಗಪುರದಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರೇ, ನೀವು ಕಾಮಠಿ ರಸ್ತೆಯಲ್ಲಿ ದಿನವೂ ಓಡಾಡುತ್ತೀರಿ. ಮೋತಿಬಾಗಿನ ನ್ಯಾರೋಗೇಜ್ ರೈಲು ಸಂಗ್ರಹಾಲಯದೊಳಗೆ ಎಷ್ಟು ಜನ ಕಾಲಿಟ್ಟಿದ್ದೀರಿ? 2002ರ ಡಿಸೆಂಬರಿನಲ್ಲಿ ತೆರೆದದ್ದು ಅದು. ಛಿಂದ್ವಾಡಾಕ್ಕೆ ಹೋಗುತ್ತಿದ್ದ ಸಣ್ಣ ರೈಲು 2015ರಲ್ಲಿ ನಿಂತಿತು. ಆದರೆ ಅಲ್ಲಿರುವ ಉಗಿ ಇಂಜಿನ್ನಿನ ಮುಂದೆ ಎರಡು ನಿಮಿಷ ನಿಂತರೆ ಸಾಕು, ಗಾಲಿ, ಬಾಯ್ಲರು, ಚಿಮಣಿ ನೋಡಿ ಅದು ಹೇಗೆ ಓಡುತ್ತಿತ್ತೆಂದು ಎಳೆ ಮಗುವಿಗೂ ತಿಳಿಯುತ್ತದೆ.

ಹಳೆಯ ಕಂಪ್ಯೂಟರಿನ ಪಾಡು ಹಾಗಲ್ಲ. ನಿಂತುಹೋದರೆ ಅದು ಬರೀ ತಗಡಿನ ಬೀರು! ಅದರ ಜೀವವೆಲ್ಲ ಒಳಗಿನ ಪ್ರೋಗ್ರಾಮಿನಲ್ಲಿ. ಯೂನಿಕ್ಸ್ ಎಂಬ ವ್ಯವಸ್ಥೆ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನ ಪಿಡಿಪಿ-7 ಯಂತ್ರದ ಮೇಲೆ. ಆಮೇಲೆ ಅದು ಬೆಳೆದ ಪಿಡಿಪಿ-11 ಈಗ ನೋಡಲು ಸಿಗುವುದೇ ಅಪರೂಪ. ಆದರೂ ಸಿಮ್‌ಹೆಚ್ ಎಂಬ ಎಮ್ಯುಲೇಟರ್ ಹಾಕಿಕೊಂಡರೆ ನಿಮ್ಮ ಲ್ಯಾಪ್‌ಟಾಪೇ ಪಿಡಿಪಿ-11ರ ವೇಷ ಕಟ್ಟುತ್ತದೆ. ಬಯಲಾಟದಲ್ಲಿ ನಮ್ಮೂರ ಗಂಡಸು ಸೀತೆಯಾದ ಹಾಗೆ! ಹಳೆಯ ಪ್ರೋಗ್ರಾಮು ತನ್ನ ಯಂತ್ರವೇ ಸಿಕ್ಕಿತೆಂದು ನಂಬಿ ಕೆಲಸ ಶುರುಮಾಡುತ್ತದೆ. ಕಾಲ್ಡೆರಾ ಕಂಪನಿ 2002ರಲ್ಲಿ ಹಳೆಯ ಯೂನಿಕ್ಸ್ ಆವೃತ್ತಿಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದ ಇದಕ್ಕೆ ಅಡ್ಡಿಯೂ ಇಲ್ಲ. 2025ರಲ್ಲಿ ಯೂಟಾ ವಿಶ್ವವಿದ್ಯಾಲಯದ ಉಗ್ರಾಣದಲ್ಲಿ ನಾಲ್ಕನೇ ಆವೃತ್ತಿಯ ಟೇಪು ಸಿಕ್ಕಿತು. ಐವತ್ತು ವರ್ಷ ಹಳೆಯ ಟೇಪು, ಆದರೂ ಓದಲು ಬಂತು!

ನಮಗೂ ಇದಕ್ಕೂ ಏನು ನಂಟು ಎನ್ನುತ್ತೀರಾ? 1984ರ ರಂಗರಾಜನ್ ಸಮಿತಿಯ ವರದಿಯ ನಂತರ ನಮ್ಮ ಬ್ಯಾಂಕುಗಳಿಗೆ ಕಂಪ್ಯೂಟರ್ ಬರತೊಡಗಿದವು. ಎಷ್ಟೋ ಶಾಖೆಗಳಲ್ಲಿ ಓಡುತ್ತಿದ್ದದ್ದು ಯೂನಿಕ್ಸ್ ಜಾತಿಯದೇ. ನಮ್ಮ ಯಜಮಾನರ ಶಾಖೆಯಲ್ಲೂ ಅದೇ ಇತ್ತು, ಕಪ್ಪು ಪರದೆ, ಹಸಿರು ಅಕ್ಷರ. ಧಾರವಾಡದ ಕಡೆಯ ಅವರ ಸಹೋದ್ಯೋಗಿಯೊಬ್ಬರು ಮ್ಯಾನೇಜರರ ಅನುಮತಿ ಪಡೆದು, ಸಂಜೆ ಹೊತ್ತು ರಾಜ್ಯೋತ್ಸವಕ್ಕೆಂದು ಒಂದು ನಾಟಕ ಬರೆದರು. ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರಗಳಲ್ಲೇ ಧಾರವಾಡದ ಮಾತನ್ನು ಕುಟ್ಟಿದರು! ಈಗ ಅವರಿಲ್ಲ. ಯಂತ್ರ ಕಬಾಡಿಯವನ ಪಾಲಾಯಿತು. ಹುಬ್ಬಳ್ಳಿಯಲ್ಲಿರುವ ಅವರ ಮಗಳ ಹತ್ತಿರವೂ ನಾಟಕದ ಪ್ರತಿ ಇಲ್ಲ. ಇರುವುದು ನಮ್ಮ ಅಟ್ಟದ ಮೇಲಿದ್ದ ಮೂರು ಫ್ಲಾಪಿ, ಐದೂಕಾಲು ಇಂಚಿನವು.

ನಾಗಪುರದ ಮೇ ತಿಂಗಳ ಬಿಸಿಲು, ಅದರ ಹಿಂದೆಯೇ ಮಳೆಗಾಲದ ಬೂಷ್ಟು. ಫ್ಲಾಪಿಯ ಕಾಂತೀಯ ಲೇಪನಕ್ಕೆ ಎರಡೂ ಶತ್ರುಗಳೇ. ಈಗ ಅವನ್ನು ಕೆಳಗಿಳಿಸಿ ಬಟ್ಟೆಯ ಬೀರುವಿನಲ್ಲಿಟ್ಟಿದ್ದೇನೆ. ನಿಮ್ಮಲ್ಲಿ ಎಂಜಿನಿಯರಿಂಗ್ ಓದುವವರು ಇದ್ದೀರಿ. ಅಂಥ ಫ್ಲಾಪಿ ಓದುವ ಡ್ರೈವ್ ಯಾರ ಮನೆಯಲ್ಲಾದರೂ, ಯಾವ ಕಾಲೇಜಿನ ಮೂಲೆಯಲ್ಲಾದರೂ ಇದ್ದರೆ ತಿಳಿಸಿ. ಒಂದು ಎಚ್ಚರಿಕೆ. ವಿಂಡೋಸಿಗೆ ಯೂನಿಕ್ಸಿನ ಬರಹ ಅರ್ಥವಾಗುವುದಿಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಅಪ್ಪಿತಪ್ಪಿಯೂ ಹೂಂ ಎನ್ನಬೇಡಿ! ಬೂಷ್ಟು ಕಂಡರೆ ಡ್ರೈವಿಗೆ ತೂರಿಸಲೂ ಬೇಡಿ. ಮೊದಲು ಇಡೀ ಫ್ಲಾಪಿಯ ನಕಲು ತೆಗೆಯಬೇಕು, ಮುಂದಿನ ಪ್ರಯೋಗವೆಲ್ಲ ಆ ನಕಲಿನ ಮೇಲೆ. ಭಾನುವಾರ ಮಧ್ಯಾಹ್ನ ನಾವು ಮನೆಯಲ್ಲೇ ಇರುತ್ತೇವೆ.