ನೀರಿನ ವಿಹಾರವೂ ಅದರ ಕಟ್ಟಳೆಯೂ



ಈ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ಅಪ್ಪಣೆಯಾದಾಗ, ಶಾಲೆಯ ದಿನಗಳ ಸವಿನೆನಪನ್ನೇ ಬರೆಯೋಣವೆಂದು ಕುಳಿತೆನು. ಆದರೆ ಬಹುದಿನಗಳಿಂದ ಮನಸ್ಸನ್ನು ಚುಚ್ಚುತ್ತಿರುವ ಒಂದು ಸಂಗತಿಯು ಲೇಖನಿಯನ್ನು ತನ್ನ ಕಡೆಗೇ ಎಳೆಯಿತು. ಅದು ನನ್ನದೇ ತಪ್ಪಿನ ವೃತ್ತಾಂತ.

ಹೊಳೆನರಸೀಪುರವು ನನ್ನ ತಾಯಿಯ ತವರು. ಸೇತುವೆಯಿಲ್ಲದ ಕಡೆ ಹೇಮಾವತಿಯನ್ನು ಹರಿಗೋಲಿನಲ್ಲಿ ದಾಟುತ್ತಿದ್ದ ಕಾಲವನ್ನು ಅಜ್ಜಿಯವರು ಆಗಾಗ್ಗೆ ಹೇಳುತ್ತಿದ್ದರು. ಹೊಳೆಯು ಕೆಂಪಾಗಿ ತುಂಬಿ ಬಂದಾಗ ಅಂಬಿಗನು ಹರಿಗೋಲನ್ನು ದಡದಲ್ಲಿ ಬೋರಲು ಹಾಕಿದನೆಂದರೆ, ಶಾನುಭೋಗರು ಬಂದರೂ ಅಷ್ಟೆ, ಮದುವೆಯ ದಿಬ್ಬಣ ಬಂದರೂ ಅಷ್ಟೆ, ಕಾಯಲೇಬೇಕು. ಅವನ ಮಾತಿಗೆ ಎದುರುತ್ತರವಿರಲಿಲ್ಲವಂತೆ. ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದ ನಾನು, ಸಮಯ ಬಂದಾಗ ಅದನ್ನು ಮರೆತೆನು.

2022ನೆಯ ಇಸವಿಯ ದಸರೆಯ ರಜೆಯಲ್ಲಿ ನಾವು ಒಂಬತ್ತು ಮಂದಿ ಹಾಸನದಿಂದ ಶೆಟ್ಟಿಹಳ್ಳಿಗೆ ಹೋದೆವು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ದೇವಾಲಯವು ಅಲ್ಲಿರುವುದನ್ನು ಬಲ್ಲಿರಿ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದು ನೀರು ನಿಂತ ಮೇಲೆ, ಬೇಸಗೆಯಲ್ಲಿ ಅದರ ಬುಡದವರೆಗೂ ನಡೆದು ಹೋಗಬಹುದು. ಮಳೆಗಾಲವಾದ ಮೇಲೆ ಅರ್ಧ ಗೋಡೆಯೇ ಮುಳುಗಿರುತ್ತದೆ. ನೀರಿನ ನಡುವೆ ನಿಂತ ಆ ಕಮಾನುಗಳನ್ನು ಹತ್ತಿರದಿಂದ ನೋಡಬೇಕೆಂದು ಮಕ್ಕಳು ಹಟ ಹಿಡಿದರು. ಹರಿಗೋಲಿನವನೊಬ್ಬನನ್ನು ಕರೆದೆವು.

“ಒಂದೇ ಸಲಕ್ಕೆ ಎಲ್ಲರನ್ನೂ ಕೂರಿಸೋಲ್ಲ ಅಮ್ಮಾವ್ರೇ, ಮಕ್ಕಳು ಮೊದಲು ಹೋಗಿ ಬರಲಿ,” ಎಂದು ಅವನು ಹೇಳಿದನು. ಹೆಚ್ಚಿಗೆ ಹಣ ಕೊಡುವೆನೆಂದರೂ ಒಪ್ಪಲಿಲ್ಲ. ತನ್ನಲ್ಲಿದ್ದ ನಾಲ್ಕು ತೇಲುವ ಅಂಗಿಗಳನ್ನು ಮಕ್ಕಳಿಗೆ ತೊಡಿಸಿ, ದುಂಡಗೆ ಸುತ್ತಲೂ ಸಮನಾಗಿ ಕೂರಿಸಿ, ಏಳಬಾರದೆಂದು ಗದರಿಸಿ ಕರೆದುಕೊಂಡು ಹೋದನು. ಅವರು ಹಿಂದಿರುಗುವ ವೇಳೆಗೆ ಗಾಳಿ ಎದ್ದಿತು. ಅವನು ಹರಿಗೋಲನ್ನು ಎಳೆದು ದಡದಲ್ಲಿ ಬೋರಲು ಹಾಕಿದನು. ಇಷ್ಟು ದೂರ ಬಂದುದು ವ್ಯರ್ಥವಾಯಿತೆಂದು ಸಿಟ್ಟಾಗಿ, ನಾನು ಅವನಿಗೆ ಕಠಿಣವಾಗಿ ನುಡಿದು, ಮಾತಾಡಿದ ಬಾಡಿಗೆಯಲ್ಲಿ ಅರ್ಧವನ್ನು ಮಾತ್ರ ಕೊಟ್ಟು ಬಂದೆನು.

2024ನೆಯ ಜನವರಿ 18ರಂದು ಗುಜರಾತಿನ ವಡೋದರ ನಗರದ ಹರಣಿ ಕೆರೆಯಲ್ಲಿ, ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳ ದೋಣಿ ಮಗುಚಿತು. ಅಳತೆ ಮೀರಿ ಜನರನ್ನು ತುಂಬಿದ್ದರು. ಅನೇಕರ ಮೈಮೇಲೆ ತೇಲುವ ಅಂಗಿಯಿರಲಿಲ್ಲ. ಹನ್ನೆರಡು ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ತೀರಿಕೊಂಡರು. ಆ ಸುದ್ದಿಯನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಶೆಟ್ಟಿಹಳ್ಳಿಯ ಹರಿಗೋಲಿನಲ್ಲಿ ಕುಳಿತಿದ್ದವರಲ್ಲಿ ನನ್ನ ಮಗಳೂ ಒಬ್ಬಳು. ಅವನು ನನ್ನ ಹಣಕ್ಕೆ ಆಸೆಪಟ್ಟಿದ್ದರೆ ಏನಾಗುತ್ತಿತ್ತು?

ಇಂತಹ ದುರಂತ ಇದೇ ಮೊದಲನೆಯದಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯ ಜಲಾಶಯದಲ್ಲಿ ದೋಣಿ ಮಗುಚಿ 45 ಮಂದಿ ಪ್ರಾಣ ಬಿಟ್ಟರು. ಕಾಡುಪ್ರಾಣಿಗಳನ್ನು ನೋಡಲು ಪ್ರಯಾಣಿಕರು ಒಂದೇ ಪಕ್ಕಕ್ಕೆ ಸರಿದರೆಂದು ಆಗ ವರದಿಯಾಯಿತು. ಅಂಬಿಗನು ಮಕ್ಕಳನ್ನು ಸುತ್ತಲೂ ಸಮನಾಗಿ ಕೂರಿಸಿದ್ದೇಕೆಂದು ನನಗೆ ಆಗ ತಿಳಿಯಿತು.

ಕಾನೂನು ಇಲ್ಲವೆಂದಲ್ಲ. 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯಿದೆ ಬಂದಿದೆ. ಯಂತ್ರದ ದೋಣಿಗೆ ನೋಂದಣಿಯೂ ತಪಾಸಣೆಯೂ ಅಗತ್ಯವೆಂದೂ, ಯಂತ್ರವಿಲ್ಲದವುಗಳನ್ನು ಸ್ಥಳೀಯವಾಗಿ ದಾಖಲಿಸಬೇಕೆಂದೂ ಅದು ವಿಧಿಸುತ್ತದೆ. ಆದರೆ ಕೆರೆಯ ದಂಡೆಯಲ್ಲಿ “ಇಂದು ಬೇಡ” ಎನ್ನತಕ್ಕವನು ಒಬ್ಬನಿಲ್ಲದಿದ್ದರೆ ಕಾಯಿದೆಯು ಕಾಗದವೇ ಸರಿ. ನಮ್ಮ ಹಿರಿಯರು ಪ್ರತಿ ಕೆರೆಗೂ ಒಬ್ಬ ನೀರುಗಂಟಿಯನ್ನು ಇಟ್ಟಿದ್ದರು. ಅವನು ಹೇಳದೆ ತೂಬು ತೆರೆಯುತ್ತಿರಲಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನು ಯಾರೂ ಹಿಡಿಯದಿರುವುದು ಊರಿನ ಕಟ್ಟಳೆಯಿಂದ. ಚನ್ನರಾಯಪಟ್ಟಣವಾಗಲಿ ಹಾಸನವಾಗಲಿ, ಯಾವ ಊರಿನವರಾದರೂ ತಮ್ಮ ಕೆರೆಯಲ್ಲಿ ದೋಣಿ ಬಿಡುವುದಾದರೆ, ಮೊದಲು ದೋಣಿಗೊಬ್ಬ ನೀರುಗಂಟಿಯನ್ನು ನೇಮಿಸಲಿ. ಕುಳಿತುಕೊಳ್ಳತಕ್ಕವರ ಸಂಖ್ಯೆಯನ್ನು ದೋಣಿಯ ಮೇಲೆಯೇ ಬರೆಯಿಸಲಿ; ತಲೆಗೊಂದು ತೇಲುವ ಅಂಗಿಯಿರಲಿ; ಗಾಳಿಯೆದ್ದರೆ, ಕತ್ತಲಾದರೆ ದೋಣಿ ನಿಲ್ಲಲಿ. ಬೇಡವೆಂದವನ ಅಂದಿನ ಕೂಲಿಗೆ ನಷ್ಟ ಬಾರದಂತೆಯೂ ನೋಡಿಕೊಳ್ಳಲಿ.

ಮರುವರುಷ ಮತ್ತೆ ಶೆಟ್ಟಿಹಳ್ಳಿಗೆ ಹೋಗಿ ಆ ಅಂಬಿಗನನ್ನು ವಿಚಾರಿಸಿದೆನು. ಅವನು ಸಿಕ್ಕಲಿಲ್ಲ. ಉಳಿದ ಅರ್ಧ ಬಾಡಿಗೆಯು ಇನ್ನೂ ನನ್ನ ಸಾಲವಾಗಿಯೇ ಇದೆ. ತಾಯಂದಿರೇ, ಮಕ್ಕಳನ್ನು ನೀರಿನ ವಿಹಾರಕ್ಕೆ ಅವಶ್ಯವಾಗಿ ಕರೆದುಕೊಂಡು ಹೋಗಿರಿ. ಆದರೆ ದಡದಲ್ಲಿ ಒಬ್ಬನು ಬೇಡವೆಂದರೆ ಚೌಕಾಸಿ ಮಾಡಬೇಡಿರಿ. ಅವನಿಗೆ ಪೂರ್ತಿ ಬಾಡಿಗೆಯನ್ನು ಕೊಟ್ಟು, ನಮಸ್ಕರಿಸಿ ಹಿಂದಿರುಗಿರಿ.