ಪಣಂಬೂರಿಗೆ ಹಡಗು ಬರ್ತದೆ... ನಮ್ಮನ್ನೂ ಹತ್ತಿಸಿಕೊಳ್ತದಾ?

ಹಡಗು ಅಂದಕೂಡಲೇ ಚಿತ್ರರಸಿಕರ ಕಣ್ಣೆದುರಿಗೆ ಬರೋದೇನು? ಬಿಳೀ ಡೆಕ್ಕು, ನೀಲಿ ನೀರು, ಗಾಳಿಗೆ ಹಾರುವ ನಾಯಕಿಯ ಸೆರಗು, ಕಂಬಿ ಹಿಡಿದು ನಿಂತ ನಾಯಕ! 2015ರಲ್ಲಿ ಜೋಯಾ ಅಖ್ತರ್ ನಿರ್ದೇಶಿಸಿದ 'ದಿಲ್ ಧಡಕ್‌ನೇ ದೋ' ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅನಿಲ್ ಕಪೂರ್ ತಮ್ಮ ಸಂಸಾರದ ರಗಳೆಯನ್ನೆಲ್ಲ ಹೊತ್ತು ತಿರುಗಿದ ಆ ಹಡಗಿನ ಹೆಸರು 'ಸಾವರಿನ್'. ಸ್ಪೇನ್ ದೇಶದ ಕಂಪನಿಯದು. ಅದೇ ಕಂಪನಿಯ ಬಳಿ ಆಗ ಇನ್ನೊಂದು ಹಡಗೂ ಇತ್ತು. ಅದು 'ಎಂಪ್ರೆಸ್'. ಸಾವರಿನ್ 2020ರಲ್ಲಿ ಟರ್ಕಿಯ ಗುಜರಿಗೆ ಹೋಯಿತು. ಎಂಪ್ರೆಸ್ ಮಾತ್ರ ಕೈಯಿಂದ ಕೈಗೆ ದಾಟಿ, 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಕಂಪನಿಯ ಹೆಸರಲ್ಲಿ ನಮ್ಮ ಮುಂಬಯಿಯಿಂದಲೇ ಹೊರಡತೊಡಗಿತು. ಗೋವಾ, ಲಕ್ಷದ್ವೀಪ, ಕೊಚ್ಚಿ ಅಂತ ಸುತ್ತಾಟ. (ಈ ಹೆಸರು ನಮ್ಮ ಓದುಗರಿಗೆ ಬೇರೊಂದು ಸುದ್ದಿಯಿಂದ ಗೊತ್ತು. ಅದನ್ನಿಲ್ಲಿ ಕೆದಕೋದು ಬೇಡ ಬಿಡಿ.)

ಈಗ ಹೊಸ ಹಡಗಿನ ಮಾತು. 2025ರಲ್ಲಿ ಪ್ರಕಟವಾದ ಒಪ್ಪಂದದ ಪ್ರಕಾರ ಅದೇ ಕಂಪನಿಗೆ ಇನ್ನೂ ಎರಡು ಹಡಗು: 2026ರಲ್ಲಿ 'ನಾರ್ವೇಜಿಯನ್ ಸ್ಕೈ', 2027ರಲ್ಲಿ 'ನಾರ್ವೇಜಿಯನ್ ಸನ್'. ಹೊಸತು ಅಂದರೆ ನಮಗೆ ಹೊಸತು ಅಷ್ಟೆ. ಸ್ಕೈ ನೀರಿಗಿಳಿದದ್ದು 1999ರಲ್ಲಿ, ಜರ್ಮನಿಯಲ್ಲಿ. ಹವಾಯಿ ದ್ವೀಪಗಳ ನಡುವೆ ಬೇರೆ ಹೆಸರಿಟ್ಟುಕೊಂಡು ಕೆಲವು ವರ್ಷ ದುಡಿದದ್ದೂ ಉಂಟು. ಎಂಪ್ರೆಸ್ಸಿನ ಗಾತ್ರ 48 ಸಾವಿರ ಟನ್ನು ಅಂತ ಲೆಕ್ಕ ಹಾಕಿದರೆ ಇದರದು 77 ಸಾವಿರ. ಎರಡು ಸಾವಿರ ಜನ ಹಿಡಿಸುತ್ತಾರೆ. ನಮ್ಮೂರ ಟಾಕೀಸಿನಲ್ಲಿ ಎರಡು ಹೌಸ್‌ಫುಲ್ ಆಟದ ಜನ ಒಟ್ಟಿಗೇ ತೇಲಿಕೊಂಡು ಹೋದ ಹಾಗೆ!

ಇಷ್ಟು ದೊಡ್ಡ ಹಡಗು ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು? ಇದನ್ನು ಕಂಪನಿಯ ಯಜಮಾನರು ಮಾತ್ರ ತೀರ್ಮಾನಿಸೋದಲ್ಲ, ಗಾಳಿಯೂ ತೀರ್ಮಾನಿಸುತ್ತೆ. ಜೂನ್ ಬಂತೆಂದರೆ ಅರಬ್ಬೀ ಸಮುದ್ರದ ಹತ್ತಿರ ಮಾತಾಡೋ ಹಾಗಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ನೂಲ ಹುಣ್ಣಿಮೆಗೆ ಮೊಗವೀರರು ಕಡಲಿಗೆ ಪೂಜೆ ಮಾಡಿ ತೆಂಗಿನಕಾಯಿ ಬಿಟ್ಟಮೇಲೆಯೇ ಸಮುದ್ರರಾಜ ಸ್ವಲ್ಪ ತಣ್ಣಗಾಗೋದು. 1947ರ ಜುಲೈ 17ರಂದು ಮುಂಬಯಿಯಿಂದ ರೇವಸಕ್ಕೆ ಹೊರಟ 'ರಾಮದಾಸ್' ಸ್ಟೀಮರು ಮಳೆಗಾಲದ ಅಲೆಗೆ ಮಗುಚಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಮೇ ತಿಂಗಳನ್ನೂ ನಂಬೋ ಹಾಗಿಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮೂಲ್ಕಿ ಹತ್ತಿರ ಬಂಡೆಗೆ ಸಿಕ್ಕಿಕೊಂಡ ಟಗ್ಗಿನಿಂದ ಒಂಬತ್ತು ಮಂದಿಯನ್ನು ದೋಣಿ, ಹೆಲಿಕಾಪ್ಟರ್ ಹಾಕಿ ಎತ್ತಿ ತಂದದ್ದು ಕರಾವಳಿಯವರು ಮರೆತಿಲ್ಲ. ಯಾವ ಸ್ಟಂಟ್ ಮಾಸ್ಟರೂ ಅಂಥದ್ದನ್ನು ಕಂಪೋಸ್ ಮಾಡಲಾರ.

ಹಾಗಂತ ಹಡಗನ್ನು ನಾಲ್ಕು ತಿಂಗಳು ಕಟ್ಟಿಹಾಕಿದರೆ ಕಂಪನಿ ಮುಳುಗುತ್ತೆ. ಅದಕ್ಕೇ ಎಂಪ್ರೆಸ್ ಕಂಡುಕೊಂಡ ಉಪಾಯ, ಮಳೆ ಶುರುವಾಗುತ್ತಲೇ ಮದರಾಸಿನ ಕಡೆಗೆ ಹೋಗಿಬಿಡೋದು. 2022ರ ಜೂನ್‌ನಲ್ಲಿ ಚೆನ್ನೈಯಿಂದ ವಿಶಾಖಪಟ್ಟಣದ ಕಡೆಗೆ, 2023ರ ಜೂನ್‌ನಲ್ಲಿ ಶ್ರೀಲಂಕಾದ ಹಂಬನ್‌ತೋಟ, ತ್ರಿಕೋನಮಲೆ, ಕಂಕೇಸನ್‌ತುರೈಗೆ. ನಮ್ಮ ಮಳೆಗಾಲದಲ್ಲಿ ಆ ಕಡೆ ಕಡಲು ಸ್ವಲ್ಪ ಸೌಮ್ಯ. ಅಕ್ಟೋಬರ್ ಬಂದು ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಕಾಲ ಶುರುವಾಗೋ ಹೊತ್ತಿಗೆ ನಮ್ಮ ಕಡೆ ಆಕಾಶ ತಿಳಿಯಾಗಿರುತ್ತೆ, ಹಡಗು ವಾಪಸ್. ಸ್ಕೈ ಕೂಡ ಇದೇ ಪಂಚಾಂಗ ಹಿಡಿಯಬೇಕು, ಬೇರೆ ದಾರಿಯಿಲ್ಲ.

ಸರಿ ಸ್ವಾಮಿ, ಋತು ಗೊತ್ತಾಯ್ತು. ಹಾದಿ? ಮುಂಬಯಿ, ಗೋವಾ, ಕೊಚ್ಚಿ... ಗೋವಾಕ್ಕೂ ಕೊಚ್ಚಿಗೂ ನಡುವೆ ಏನಿದೆ? ಕಾರವಾರ, ಹೊನ್ನಾವರ, ಮಲ್ಪೆ, ಮಂಗಳೂರು. ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ನಮ್ಮ ಕರಾವಳಿ. ನಮ್ಮ ದೇಶದ ಪ್ರವಾಸಿಗಳನ್ನು ತುಂಬಿಕೊಂಡ ಹಡಗು ಅದನ್ನು ರಾತ್ರಿ ಹೊತ್ತು, ದೀಪ ಹಾಕಿಕೊಂಡು, ದೂರದಿಂದಲೇ ದಾಟಿ ಹೋಗುತ್ತೆ.

ಪಣಂಬೂರಿಗೆ ಹಡಗೇ ಬರೋದಿಲ್ಲ ಅಂತ ನಾನು ಹೇಳುತ್ತಿಲ್ಲ. ವಿದೇಶೀ ಹಡಗುಗಳು ಪ್ರತಿ ವರ್ಷ ನವೆಂಬರಿನಿಂದ ಮೇ ಒಳಗೆ ನವಮಂಗಳೂರು ಬಂದರಿಗೆ ಬಂದು ಹೋಗುತ್ತವೆ. ಒಂದು ಡಿಸೆಂಬರಿನಲ್ಲಿ ನಾನು ಮೆಜೆಸ್ಟಿಕ್ಕಿನಿಂದ ರಾತ್ರಿ ಬಸ್ಸು ಹಿಡಿದು, ಶಿರಾಡಿ ಘಾಟಿಯ ತಿರುವುಗಳಲ್ಲಿ ನಿದ್ದೆಗೆಟ್ಟು, ಬೆಳಗ್ಗೆ ಪಣಂಬೂರಿಗೆ ಹೋದಾಗ ಬಂದರಿನ ಗೋಡೆಯಾಚೆ ಒಂದು ಬಿಳಿ ಹಡಗು ನಿಂತಿತ್ತು. ಇಳಿದವರಿಗೆ ಚೆಂಡೆ, ಯಕ್ಷಗಾನ ವೇಷದ ಸ್ವಾಗತ. ಆಮೇಲೆ ಬಸ್ಸು ಹತ್ತಿಸಿ ಕದ್ರಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್ಲಿನ ಚಿತ್ರಗಳು, ಪುರುಸೊತ್ತಿದ್ದರೆ ಮೂಡಬಿದಿರೆಯ ಸಾವಿರ ಕಂಬದ ಬಸದಿ. ನನ್ನನ್ನು ಕರೆದೊಯ್ದ ಆಟೋದವರು ಎಳೆ ಪ್ರಾಯದವರು, ಗಾಜಿನ ಮೇಲೆ ಶಂಕರ್‌ನಾಗ್ ಚಿತ್ರ.

"ಇದು ವರ್ಷ ವರ್ಷ ಬರ್ತದೆ ಮಾರಾಯ್ರೆ," ಅಂದರು. "ಬೆಳಿಗ್ಗೆ ಬರುದು, ಸಂಜೆ ಹೋಗುದು. ಅವ್ರು ಗೇರುಬೀಜದ ಫ್ಯಾಕ್ಟರಿ ನೋಡ್ತಾರೆ, ಮಾರ್ಕೆಟ್ಟು ನೋಡ್ತಾರೆ. ನಾವು ಅವ್ರನ್ನು ನೋಡುದು!"

"ನಿಮಗೆ ಹತ್ತಬೇಕು ಅನ್ನಿಸಿಲ್ವಾ?"

"ಅನ್ನಿಸದೆ ಎಂತ? ನಮ್ಮ ಅಜ್ಜ ಬೊಂಬಾಯಿಗೆ ಹೋದದ್ದು ಇಲ್ಲಿಂದ್ಲೇ, ಸ್ಟೀಮರಲ್ಲಿ. ಹೋಟೇಲಲ್ಲಿ ಲೋಟ ತೊಳೀಲಿಕ್ಕೆ. ಈಗ ಹಡಗು ಹತ್ತಬೇಕಾದ್ರೆ ಮೊದ್ಲು ಟ್ರೈನಲ್ಲಿ ಬೊಂಬಾಯಿಗೆ ಹೋಗ್ಬೇಕು! ಉಲ್ಟಾ ಆಯ್ತಲ್ಲ?"

ನಾನು ಬರೆಯಬೇಕೆಂದಿದ್ದದ್ದು ಅಷ್ಟೂ ಅವರ ಬಾಯಲ್ಲೇ ಬಂತು. ಕಚ್ಚಾ ತೈಲದ ಟ್ಯಾಂಕರುಗಳು, ಕಲ್ಲಿದ್ದಲ ಹಡಗುಗಳು ಬಂದು ನಿಲ್ಲುವ ಬಂದರು ಇದು, ಆಳಕ್ಕೇನೂ ಕೊರತೆ ಇಲ್ಲ. ಇಲ್ಲಿಂದ ಕೊಚ್ಚಿಗೆ ಒಂದು ರಾತ್ರಿಯ ಹಾದಿ, ಗೋವಾಕ್ಕೂ ಒಂದೇ ರಾತ್ರಿ. ಲಕ್ಷದ್ವೀಪವಂತೂ ಮಂಗಳೂರಿಗೆ ಹಳೇ ನೆಂಟ. ಅಮಿನಿ, ಕದ್ಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಅಂದರೆ ನಂಬುತ್ತೀರಾ? ಅಲ್ಲಿನ ತೆಂಗಿನ ನಾರು ಬಂದರಿನ ಅಂಗಡಿಗಳಿಗೆ ಬರುತ್ತಿತ್ತು, ಇಲ್ಲಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. 2024ರ ಮೇ ತಿಂಗಳಲ್ಲಿ 'ಪರಳಿ' ಅನ್ನೋ ವೇಗದ ಹಡಗು ದ್ವೀಪದ ಜನರನ್ನು ಕೂರಿಸಿಕೊಂಡು ಮಂಗಳೂರಿನ ಹಳೇ ಬಂದರಿಗೆ ಬಂದಾಗ ಇಲ್ಲಿಯವರಿಗೆ ಆದ ಖುಷಿ ಅದಕ್ಕೇ.

ಆದ್ದರಿಂದ ನನ್ನ ಆಸೆಯ ವೇಳಾಪಟ್ಟಿ ಹೀಗಿದೆ. ದಸರಾ ಮುಗಿಸಿ ಶುರುವಾಗಲಿ, ಏಪ್ರಿಲ್‌ಗೆ ನಿಲ್ಲಲಿ. ವಾರ ವಾರ ಬೇಡ, ತಿಂಗಳಿಗೊಮ್ಮೆ ಸಾಕು. ಹೊಸ ಸಿನಿಮಾ ಬಿಡುಗಡೆಯಾಗುವ ಶುಕ್ರವಾರವೇ ಸಂಜೆ ಪಣಂಬೂರಿನಿಂದ ಹಡಗೂ ಬಿಡುಗಡೆಯಾಗಲಿ. ಶನಿವಾರ ಬೆಳಗ್ಗೆ ಲಕ್ಷದ್ವೀಪ. ಹವಳದ ದಿಬ್ಬಗಳಿರೋದರಿಂದ ದೊಡ್ಡ ಹಡಗು ದಡಕ್ಕೆ ಹೋಗಲಾರದು. ದೂರ ನಿಂತು ಚಿಕ್ಕ ದೋಣಿಯಲ್ಲಿ ಇಳಿಸುತ್ತಾರೆ. ಅದಕ್ಕೂ ಕಡಲು ಶಾಂತವಾಗಿರಬೇಕು. ಡಿಸೆಂಬರಿನಿಂದ ಫೆಬ್ರವರಿಯ ಕಾಲ ಅದಕ್ಕೆ ಹೇಳಿ ಮಾಡಿಸಿದ್ದು. ದ್ವೀಪಕ್ಕೆ ಕಾಲಿಡಲು ಬೇಕಾದ ಪರವಾನಗಿ ಚೀಟಿಯನ್ನು ಟಿಕೆಟ್ಟಿನ ಜೊತೆಗೇ ಕೊಟ್ಟುಬಿಟ್ಟರೆ ಕಚೇರಿ ಅಲೆಯೋದು ತಪ್ಪುತ್ತೆ. ಸೋಮವಾರ ಬೆಳಗ್ಗೆ ವಾಪಸ್ ಮಂಗಳೂರು, ನೇರ ಕೆಲಸಕ್ಕೆ.

ಆಗೋದುಂಟಾ? ಎರಡು ಸಾವಿರ ಜನರನ್ನು ತುಂಬಿಸಬೇಕಲ್ಲ, ಅದು ಕಷ್ಟ. ಇದಕ್ಕೆ ಮೊದಲು ಆಸೆ ಹುಟ್ಟಿಸಿದ ಹಡಗುಗಳ ಕತೆ ನೋಡಿ. 2018ರಲ್ಲಿ ಮುಂಬಯಿ-ಗೋವಾ ನಡುವೆ 'ಆಂಗ್ರಿಯಾ' ಬಂತು. 2019ರಲ್ಲಿ 'ಕರ್ಣಿಕಾ' ಬಂತು, ಎಷ್ಟು ಅಬ್ಬರ! ಮರುವರ್ಷವೇ ಕೊರೋನಾ ಬಂದು ಆ ಕಂಪನಿ ಬಾಗಿಲು ಹಾಕಿತು, ಹಡಗು ಹರಾಜಾಗಿ ಗುಜರಾತಿನ ಆಲಂಗ್‌ನಲ್ಲಿ ಚೂರುಚೂರಾಯಿತು. ಮೊದಲ ವಾರ ಹೌಸ್‌ಫುಲ್, ಎರಡನೇ ವಾರ ಡಬ್ಬಾ ವಾಪಸ್ ಆಗೋ ಚಿತ್ರಗಳನ್ನು ಕಂಡ ನಮಗೆ ಇದೇನೂ ಹೊಸದಲ್ಲ. ಆದರೆ ನೋಡಿ, ಬೆಂಗಳೂರಿಂದ ವಾರಾಂತ್ಯಕ್ಕೆ ಗೋಕರ್ಣ, ಮುರ್ಡೇಶ್ವರದ ಕಡೆ ಬಸ್ಸು ತುಂಬಿ ಹೋಗೋ ಹುಡುಗರನ್ನು ಎಣಿಸಿದವರು ಯಾರೂ ಜನ ಸಿಗೋದಿಲ್ಲ ಅನ್ನಲಾರರು.

ದರದ್ದೊಂದು ಮಾತು. ಹಡಗಿನಲ್ಲೂ ನಮ್ಮ ಟಾಕೀಸಿನ ಹಾಗೇ ಕ್ಲಾಸುಗಳಿವೆ. ಕಡಲ ಕಡೆ ಜಗಲಿ ಇರುವ ಕೋಣೆಗೆ ಅಲ್ಲೂ ಬಾಲ್ಕನಿ ಅಂತಲೇ ಹೆಸರು. ಸ್ಕೈನಲ್ಲಿ ಅವು ಎಂಪ್ರೆಸ್ಸಿಗಿಂತ ಹೆಚ್ಚಿವೆ. ಹಡಗಿನ ಹೊಟ್ಟೆಯೊಳಗೆ ಕಿಟಕಿಯೇ ಇಲ್ಲದ ಕೋಣೆಗಳು, ಅವು ಗಾಂಧಿ ಕ್ಲಾಸು. ನಮ್ಮಂಥವರಿಗೆ ಅಲ್ಲೇ ನಾಲ್ಕು ಜನಕ್ಕೆ ಒಂದು ಕೋಣೆ ಅಂತ ಕೈಗೆಟಕುವ ದರ ಇಟ್ಟರೆ ಸಾಕು. ಮಲಗೋದಕ್ಕೆ ಕಿಟಕಿ ಯಾಕೆ? ಕಡಲು ನೋಡಬೇಕಾದರೆ ಮೇಲೆ ಡೆಕ್ಕಿಗೆ ಹೋದರಾಯಿತು. ಅಲ್ಲಿ ಯಾರೂ ಬಂದು ಟಿಕೆಟ್ಟು ಕೇಳೋದಿಲ್ಲ.